ಲೈನ್ ಕ್ಲಿಯರ್

ಬನಹಟ್ಟಿಯೊಳಗ ಮೌನ ಅಂದ್ರ ಕರೆಂಟ್ ಹೋದದ್ದು.
ಅದಕ್ಕ ನನಗ ಸದ್ದಿನೊಳಗ ಓದಿ ರೂಢಿ:
ಮಗ್ಗ ನಾಲ್ಕೂ ನಡದಾಗ ಮಗ್ಗಿ ಬಾಯಿಪಾಠ,
ನಿಂತಾಗ ಎಚ್ಚರ.

ಸುಟ್ಟ ಮೋಟಾರು ಕೈಗಾಡಿಯೊಳಗ ಹೇರಿ
ದಸ್ತಗೀರ್ ಕಾಕಾನ ಅಂಗಡಿಗೆ ತಳ್ಳೂದು ನನ್ನ ಪಾಲಿನ ಕೆಲಸ.
ಅಂವ ಮೊದಲ ಮೂಸತಿದ್ದ.
ವಾರ್ನಿಷ್ ಕರಕಾದ ವಾಸನಿ ಹಿಡದು
ಒಂದು ಫೇಸ್ ಹೋಗಿತ್ತೋ, ಬೇರಿಂಗ್ ಹಿಡದಿತ್ತೋ ಹೇಳತಿದ್ದ.
ಆಮ್ಯಾಲ ತಾಮ್ರದ ಹೊಸ ಸುತ್ತು,
ಐವತ್ತೆರಡು, ಐವತ್ಮೂರು...
ಎಣಿಸೂವಾಗ ಯಾರೂ ಮಾತಾಡಂಗಿಲ್ಲ.
ಒಂದು ಸುತ್ತು ಕಡಿಮಿ ಆದ್ರ, ಕಾಕಾ?
"ತಿರಗತೈತಿ ಬೇಟಿ. ತಿರಗತೈತಿ.
ಒಳಗ ಬಿಸಿ ಆಗತೈತಿ ಅಷ್ಟ,
ಯಾರಿಗೂ ಗೊತ್ತಾಗದಂಗ."

ಬಾಗಲಕೋಟಿ ಕಾಲೇಜಿನ ಮೋಟಾರಿಗೆ ವಾಸನಿ ಇರಲಿಲ್ಲ.
ಹಲಗಿ ಮ್ಯಾಲ ಒಂದು ವೃತ್ತ, ಅದರೊಳಗ ಎಂ.
ಮೈನಸ್ ಒಂದರ ವರ್ಗಮೂಲಕ್ಕೆ ಜೆ ಅಂತ ಹೆಸರಿಟ್ಟು
"ಇದು ಇಲ್ಲದ ಸಂಖ್ಯೆ,
ಇದಿಲ್ಲದೆ ಯಾವ ಮೋಟಾರೂ ಲೆಕ್ಕಕ್ಕೆ ಸಿಗೋದಿಲ್ಲ"
ಅಂದ್ರು ಕುಲಗೋಡ ಸರ್.
ಕಿಸಕ್ಕನ ನಕ್ಕೆ. ಹೊರಗ ನಿಂತೆ.
ಮೂರನೇ ಸೆಮಿಸ್ಟರಿನ ಗಣಿತ ಎರಡು ಸಲ ಉಳೀತು.

ಅದೇ ವರ್ಷ ಪವರ್ ಫ್ಯಾಕ್ಟರ್.
ವೋಲ್ಟೇಜ್ ಮುಂದ, ಕರೆಂಟ್ ಒಂದು ಹೆಜ್ಜಿ ಹಿಂದ,
ಹಿಂದ ಬಿದ್ದಷ್ಟಕ್ಕ ಬಿಲ್ಲಿನೊಳಗ ದಂಡ.
ಹುಡುಗರು ನನಗ ಲ್ಯಾಗಿಂಗ್ ಅಂತ ಹೆಸರಿಟ್ರು.
ಇಡ್ಲಿ.
ಪಕ್ಕದಾಗ ಒಂದು ಕೆಪ್ಯಾಸಿಟರ್ ಕೂಡಿಸಿದ್ರ ಸಾಕು ಅಂದಿದ್ರು ಸರ್.
ನನ್ನ ಪಕ್ಕ ಕೂತಾಕಿ ಶಾಂಭವಿ ಹಲಗತ್ತಿ, ಮುಧೋಳದಾಕಿ,
ಇಂಟಿಗ್ರೇಷನ್ನು ರೊಟ್ಟಿ ಬಡದಂಗ ಬಡಿಯಾಕಿ,
ಅಂಚು ಸೀಳದಂಗ.

ವೈವಾಕ್ಕ ಹೊರಗಿಂದ ಬಂದಾಂವ ಕೇಳಿದ,
ಟ್ರಾನ್ಸ್‌ಫಾರ್ಮರ್ ಯಾಕೆ ಗುಂಯ್ ಅನ್ನುತ್ತೆ?
ಉತ್ತರ ಗೊತ್ತಿತ್ತು:
ಕಬ್ಬಿಣದ ಪದರು ಸೆಕೆಂಡಿಗೆ ನೂರು ಸಲ ಹಿಗ್ಗಿ ಕುಗ್ಗತಾವ.
ಬಾಯಿಗೆ ಬಂದದ್ದು ಬ್ಯಾರೆ:
"ಸುಮ್ಮನಾದ್ರ ಓಣಿ ಎದ್ದು ಕೂಡತೈತ್ರಿ ಸರ್."
ಇಪ್ಪತ್ತಕ್ಕ ಹದಿನಾರು ಹಾಕಿದ.
ಯಾಕಂತ ಇವತ್ತಿಗೂ ತಿಳಿದಿಲ್ಲ.

ಈಗ ಊರಿಂದ ಹನ್ನೆರಡು ಕಿಲೋಮೀಟರ್ ದೂರ ಸ್ಟೇಷನ್ನು,
ಕಬ್ಬಿನ ನಡುವ ಜಲ್ಲಿ ಹಾಸಿದ ಅಂಗಳ,
ರಾತ್ರಿ ಪಾಳಿ, ನಾನು, ಒಂದು ದಪ್ಪನ್ನ ಪುಸ್ತಕ.
ಅದರೊಳಗ ನಂಬರು, ಹೆಸರು, ವ್ಯಾಳೆ, ಸಹಿ.
ನಾಲ್ಕು ವರ್ಷ ಓದಿದ್ದೆಲ್ಲ
ಆ ಸಹಿಯೊಳಗ ಮಡಚಿ ಕೂತೈತಿ.

"ಮೇಡಂ, ಪರಸು ಬಿಳ್ಳೂರ. ಫೀಡರ್ ಆರು.
ಜಂಪ್ ಕಟ್ ಆಗೈತ್ರಿ. ಎಲ್ಸಿ ಕೊಡ್ರಿ."
ಬ್ರೇಕರ್ ತಗದೆ.
ಟ್ರಕ್ ಹೊರಗ ಎಳದೆ.
ಅರ್ಥ್ ಹಾಕಿದೆ.
ಬೀಗದ ಕೀಲಿ ಕಿಸೆಯೊಳಗ.
ಫೀಡರ್ ಆರು ಅಂದ್ರ ನಮ್ಮ ಓಣಿ.

ಹತ್ತು ನಿಮಿಷಕ್ಕ ಅಪ್ಪನ ಫೋನು.
ಅರ್ಧ ಸೀರಿ ಮಗ್ಗದ ಮ್ಯಾಲ,
ಮುಂಜಾನೆ ಸಾವಕಾರಗ ಮುಟ್ಟಬೇಕು.
"ಎಷ್ಟೊತ್ತವಾ?
ನಿನ್ನ ಕೈಯಾಗ ಐತೆಲ್ಲ?"
ನನ್ನ ಕೈಯಾಗ ಐತಿ ಅಪ್ಪಾ. ಅದಕ್ಕ.
ಕಂಬದ ಮ್ಯಾಲ ಒಬ್ಬಾಂವ ಅದಾನ.

ಸುಮ್ಮನಾದ.
ಆಮ್ಯಾಲ, "ಗಾಳಿ ಐತೇನು ಅಲ್ಲೆ?"
ಐತಿ.
ಫೋನ್ ಇಡಲಿಲ್ಲ ಅಂವ, ನಾನೂ ಇಡಲಿಲ್ಲ.
ನಿಂತ ನಾಲ್ಕು ಮಗ್ಗ, ನಿಂತ ಇಡೀ ಊರು
ಹನ್ನೆರಡು ಕಿಲೋಮೀಟರ್ ದಾಟಿ ಕಿವಿಯೊಳಗ.

ಟೇಬಲ್ಲಿನ ಮ್ಯಾಲಿನ ಫೋನು ಬಡೀತು.
"ಇಳದೇವ್ರಿ ಮೇಡಂ. ಲೈನ್ ಹಾಕ್ರಿ."
ಎಷ್ಟು ಮಂದಿ ಹೋಗಿದ್ರಿ?
"ಮೂವರು."
ಎಣಿಸಿ ಹೇಳು.
ಅಂವ ಹೆಸರು ಹಿಡದು ಎಣಿಸಿದ.
ಎಣಿಸೂವಾಗ ನಾನು ಮಾತಾಡಲಿಲ್ಲ.

ಮುಳ್ಳು ಎದ್ದು ನಡುಗಿ ನೂರಾನಲವತ್ತಕ್ಕ ನಿಂತಿತು.
ಫೋನಿನೊಳಗ ಮೊದಲ ಒಂದು ಮಗ್ಗ ಕೆಮ್ಮಿತು,
ಆಮ್ಯಾಲ ಎರಡು, ಆಮ್ಯಾಲ ಲೆಕ್ಕ ತಪ್ಪಿತು.
ಅಪ್ಪ ಏನೋ ಅಂದ.
ಕೇಳಲಿಲ್ಲ.
ವ್ಯಾಳೆ ಬರದೆ: ಎರಡು ಗಂಟಿ ಹತ್ತು ನಿಮಿಷ.